ಸೈನಿಕರ ತಟ್ಟೆಯ ಹೊಣೆ: ಸೇನೆಗೆ ಡಯಟೀಷಿಯನ್ ಆಗಬೇಕು ಅನ್ನುವ ದಾವಣಗೆರೆ, ಚಿತ್ರದುರ್ಗದ ಮಕ್ಕಳಿಗೆ

ನಮ್ಮ ದೊಡ್ಡಪ್ಪ ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು. ಹೊಳಲ್ಕೆರೆ ಕಡೆಯ ಹಳ್ಳಿ. ರಜೆ ಮುಗಿಸಿ ಹೊರಡುವಾಗ ದೊಡ್ಡಮ್ಮ ಅವರ ಟ್ರಂಕಿಗೆ ಮೊದಲು ಇಡುತ್ತಿದ್ದುದು ಶೇಂಗಾ ಚಟ್ನಿಪುಡಿಯ ಡಬ್ಬಿ. ನಾನು ಡಯಟೆಟಿಕ್ಸ್ ಓದುತ್ತಿದ್ದಾಗ ಒಮ್ಮೆ ಕೇಳಿದೆ, "ಅಲ್ಲಿ ಊಟ ಕಡಿಮೆ ಕೊಡ್ತಿದ್ರಾ ದೊಡ್ಡಪ್ಪ?" ಅವರು ನಕ್ಕರು. "ಊಟಕ್ಕೇನು ಕಮ್ಮಿ ಇರಲಿಲ್ಲ ಕಣಮ್ಮ. ಅಷ್ಟು ಎತ್ತರದಲ್ಲಿ ಹಸಿವೇ ಆಗ್ತಿರಲಿಲ್ಲ. ಈ ಪುಡಿ ಇದ್ರೆ ಮಾತ್ರ ಎರಡು ಚಪಾತಿ ಹೋಗ್ತಿತ್ತು."

ಆ ಮಾತು ನನ್ನ ಓದನ್ನೇ ಬದಲಾಯಿಸಿತು. ಕ್ಯಾಲೊರಿ ಲೆಕ್ಕ ಹಾಕುವುದು ಅರ್ಧ ಕೆಲಸ. ಹಾಕಿದ್ದನ್ನು ಸೈನಿಕ ತಿನ್ನಬೇಕು, ಅದು ಉಳಿದರ್ಧ. ಈಗ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಡಯಟೀಷಿಯನ್ ಆಗಿದ್ದೇನೆ. ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ಒಬ್ಬರಾದರೂ ಬಂದು ಕೇಳುತ್ತಾರೆ: "ಮೇಡಂ, ಆರ್ಮಿಗೆ ಡಯಟೀಷಿಯನ್ ಆಗಿ ಸೇರೋದು ಹೇಗೆ?" ಅವರಿಗೆಲ್ಲ ಹೇಳುವುದನ್ನು ಒಂದೇ ಕಡೆ ಬರೆದಿದ್ದೇನೆ.

ಮೊದಲು ಒಂದು ಕಹಿ ಮಾತು

ನಮ್ಮ ದೇಶದ ಸೇನೆಯಲ್ಲಿ ಡಾಕ್ಟರ್‌ಗಳಿಗೆ ಇದೆ, ನರ್ಸ್‌ಗಳಿಗೆ ಇದೆ, ಆದರೆ ಡಯಟೀಷಿಯನ್‌ಗಳಿಗೆ ಅಂತಲೇ ನೇರವಾಗಿ ಅಧಿಕಾರಿ ಹುದ್ದೆಗೆ ಸೇರಿಸಿಕೊಳ್ಳುವ ದಾರಿ ಇಲ್ಲ. ಅಮೆರಿಕದ ಸೇನೆಯಲ್ಲಿ ಇದೆ. ಅಲ್ಲಿ ಡಯಟೀಷಿಯನ್ ಕಮಿಷನ್ ಪಡೆದ ಅಧಿಕಾರಿ. ಯೂಟ್ಯೂಬ್‌ನಲ್ಲಿ ಮಕ್ಕಳು ನೋಡುವ ವಿಡಿಯೊಗಳಲ್ಲಿ ಬಹಳಷ್ಟು ಅಲ್ಲಿಯವೇ. ಅದನ್ನು ನೋಡಿ ಇಲ್ಲೂ ಹಾಗೇ ಅಂದುಕೊಂಡರೆ ಎರಡು ಮೂರು ವರ್ಷ ಸುಮ್ನೆ ಹೋಗುತ್ತದೆ.

ನನಗೂ ಆಗಿದೆ. ಡಿಗ್ರಿ ಮುಗಿದ ವರ್ಷ ಒಂದು ಕೋಚಿಂಗ್ ಸೆಂಟರ್‌ನವರು "ಆರ್ಮಿ ಡಯಟೀಷಿಯನ್ ಆಫೀಸರ್, ಡೈರೆಕ್ಟ್ ಎಂಟ್ರಿ" ಅಂತ ಹೇಳಿ ಫೀಸು ಕಟ್ಟಿಸಿಕೊಂಡರು. ಆರು ತಿಂಗಳು ಪಾಠ ಮಾಡಿದರು. ಅರ್ಜಿ ಕರೆಯಲೇ ಇಲ್ಲ, ಏಕೆಂದರೆ ಅಂಥ ಹುದ್ದೆಯೇ ಇರಲಿಲ್ಲ. ಅಪ್ಪ ಎರಡು ಚೀಲ ಶೇಂಗಾ ಮಾರಿ ಕೊಟ್ಟ ದುಡ್ಡು ಅದು. ಹಾಗಾಗಿ ಯಾರಾದರೂ ಹುದ್ದೆಯ ಹೆಸರು ಹೇಳಿದರೆ ಒಂದೇ ಪ್ರಶ್ನೆ ಕೇಳಿ: "ಇದರ ಅಧಿಕೃತ ನೋಟಿಫಿಕೇಷನ್ ತೋರಿಸ್ತೀರಾ?" ತೋರಿಸದಿದ್ದರೆ ಎದ್ದು ಬನ್ನಿ.

ಮುಂಬಾಗಿಲು ಇಲ್ಲ ಅಂದರೆ ಮನೆಯೊಳಗೆ ಹೋಗಲು ದಾರಿಯೇ ಇಲ್ಲ ಅಂತಲ್ಲ. ನಾಲ್ಕು ದಾರಿಗಳಿವೆ. ಯಾವುದು ನಿಮ್ಮದು ಅನ್ನುವುದನ್ನು ಡಿಗ್ರಿಯ ಎರಡನೇ ವರ್ಷದೊಳಗೆ ತೀರ್ಮಾನ ಮಾಡಿಕೊಳ್ಳಿ.

ಹೆಜ್ಜೆ 1: ನಿಮ್ಮ ದಾರಿ ಆರಿಸಿಕೊಳ್ಳಿ

ಮೊದಲನೆಯದು ಸಮವಸ್ತ್ರವೂ ಬೇಕು, ಡಯಟೀಷಿಯನ್ ಅನ್ನುವ ಹೆಸರೂ ಬೇಕು ಅನ್ನುವವರಿಗೆ. ಅದು ಸಿಗುವುದು ಸೇನೆಯಲ್ಲಿ ಅಲ್ಲ, ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ. ಸಿಆರ್‌ಪಿಎಫ್, ಐಟಿಬಿಪಿ, ಬಿಎಸ್‌ಎಫ್ ಇವೆಲ್ಲ ಗೃಹ ಸಚಿವಾಲಯದ ಕೆಳಗೆ ಬರುತ್ತವೆ. 2020ರಲ್ಲಿ ಸಿಆರ್‌ಪಿಎಫ್ ಪ್ಯಾರಾಮೆಡಿಕಲ್ ಸಿಬ್ಬಂದಿಗೆ 789 ಹುದ್ದೆಗಳ ಅರ್ಜಿ ಕರೆದಾಗ ಅದರಲ್ಲಿ ಇನ್‌ಸ್ಪೆಕ್ಟರ್ ದರ್ಜೆಯ ಡಯಟೀಷಿಯನ್ ಹುದ್ದೆ ಇತ್ತು. ಎಷ್ಟು? ಒಂದು. ಇಡೀ ದೇಶಕ್ಕೆ ಒಂದೇ ಒಂದು. ಸಂಬಳ ಕೇಂದ್ರ ಸರ್ಕಾರದ ವೇತನ ಶ್ರೇಣಿಯ 7ನೇ ಹಂತ, ಅಂದರೆ ಮೂಲ ವೇತನ ₹44,900ರಿಂದ ಶುರು. ಆಸೆ ಇಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಎರಡನೆಯದು ಸೇನಾ ಆಸ್ಪತ್ರೆಗಳಲ್ಲಿ ಸಿವಿಲಿಯನ್ ಆಗಿ ಕೆಲಸ. ದೊಡ್ಡ ಸೇನಾ ಆಸ್ಪತ್ರೆಗಳಲ್ಲಿ ರೋಗಿಗಳ ಊಟಕ್ಕೆ ಅಂತಲೇ ವಿಭಾಗ ಇರುತ್ತದೆ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ, ಕಾರವಾರದಲ್ಲಿ ನೌಕಾಪಡೆಯ ಐಎನ್‌ಎಚ್‌ಎಸ್ ಪತಂಜಲಿ ಇದೆ, ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ ಇದೆ. ಸಮವಸ್ತ್ರ ಇರುವುದಿಲ್ಲ. ಆದರೆ ರೋಗಿ ಸೈನಿಕನೇ, ಅವನ ಹೆಂಡತಿ ಮಕ್ಕಳೇ, ನಿವೃತ್ತರಾದ ನಮ್ಮ ದೊಡ್ಡಪ್ಪನಂಥವರೇ. ನನ್ನನ್ನು ಕೇಳಿದರೆ ಡಯಟೀಷಿಯನ್‌ನ ಕೆಲಸ ಪೂರ್ತಿಯಾಗಿ ನಡೆಯುವುದು ಇಲ್ಲೇ. ಹುದ್ದೆ ಕಡಿಮೆ, ಅರ್ಜಿ ಕರೆಯುವುದು ಅಪರೂಪ. ಅದಕ್ಕೇ ತಯಾರಾಗಿ ಕಾಯಬೇಕು.

ಮೂರನೆಯದು ಅಧಿಕಾರಿಯಾಗಿ ಸೇನೆಗೇ ಸೇರುವುದು, ಆದರೆ ಡಯಟೀಷಿಯನ್ ಆಗಿ ಅಲ್ಲ, ಪದವೀಧರರಾಗಿ. ಯಾವ ಡಿಗ್ರಿ ಆದರೂ ನಡೆಯುತ್ತದೆ. ಸೇನೆಗೆ ಊಟ, ಇಂಧನ, ಸಾಗಾಣಿಕೆ ನೋಡಿಕೊಳ್ಳುವ ವಿಭಾಗ ಆರ್ಮಿ ಸರ್ವಿಸ್ ಕೋರ್, ಎಎಸ್‌ಸಿ. ಅದರ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ. ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ 1992ರಿಂದ ಸೇರಿಸಿಕೊಳ್ಳುತ್ತಿರುವ ವಿಭಾಗಗಳಲ್ಲಿ ಇದೂ ಒಂದು. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವರಿಗೆ ಇಲ್ಲಿ ಪರ್ಮನೆಂಟ್ ಕಮಿಷನ್‌ಗೂ, ಅಂದರೆ ನಿವೃತ್ತಿಯವರೆಗಿನ ಸೇವೆಗೂ, ಅವಕಾಶ ಇದೆ. ಆದರೆ ಯಾವ ವಿಭಾಗ ಸಿಗುತ್ತದೆ ಅನ್ನುವುದು ನಿಮ್ಮ ರ‍್ಯಾಂಕ್, ನಿಮ್ಮ ಆಯ್ಕೆ, ಸೇನೆಯ ಅಗತ್ಯ ಮೂರೂ ಸೇರಿ ನಿರ್ಧಾರ ಆಗುವುದು. ಎಎಸ್‌ಸಿಯೇ ಸಿಗುತ್ತದೆ ಅಂತ ಯಾರೂ ಮಾತು ಕೊಡಲಾರರು.

ಇದೇ ಎಎಸ್‌ಸಿಯಲ್ಲಿ ಹುಡುಗರಿಗೆ ಇನ್ನೊಂದು ದಾರಿ ಇದೆ, ಜೆಸಿಒ ಕೇಟರಿಂಗ್. ಜೆಸಿಒ ಅಂದರೆ ಸೈನಿಕರಿಗೂ ಅಧಿಕಾರಿಗಳಿಗೂ ನಡುವಿನ ದರ್ಜೆ. ಪಿಯುಸಿ ಜೊತೆಗೆ ಅಡುಗೆ ಅಥವಾ ಹೋಟೆಲ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಕೇಳುತ್ತಾರೆ. ವಯಸ್ಸು 21ರಿಂದ 27. ಡಯಟೀಷಿಯನ್ ಓದಿದವರಿಗಿಂತ ಹೋಟೆಲ್ ಕಡೆ ಒಲವಿರುವವರಿಗೆ ಸರಿಹೊಂದುತ್ತದೆ.

ನಾಲ್ಕನೆಯದು ಸಂಶೋಧನೆ. ಮೈಸೂರಿನ ಸಿದ್ಧಾರ್ಥನಗರದಲ್ಲಿ 1961ರಲ್ಲಿ ಡಿಎಫ್‌ಆರ್‌ಎಲ್ (ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ) ಶುರುವಾದದ್ದೇ ಸೈನಿಕರ ಊಟದ ಸಂಶೋಧನೆಗೆ. ಕೆಡದ ಚಪಾತಿ, ಬಿಸಿ ಮಾಡಿ ತಿನ್ನುವ ಪೊಟ್ಟಣದ ಪಲಾವ್ ಇವೆಲ್ಲ ಅಲ್ಲಿ ರೂಪುಗೊಂಡವು. ದೆಹಲಿಯಲ್ಲಿ ಡಿಪಾಸ್ ಇದೆ. ಎತ್ತರದ ಜಾಗ, ಚಳಿ, ಮರುಭೂಮಿಯಲ್ಲಿ ಸೈನಿಕನ ದೇಹಕ್ಕೆ ಏನಾಗುತ್ತದೆ ಅಂತ ಅಲ್ಲಿ ನೋಡುತ್ತಾರೆ. ಲೇಹ್‌ನಲ್ಲಿ ಡಿಹಾರ್ ಇದೆ, ಅಲ್ಲಿ ಎತ್ತರದ ಜಾಗದ ಕೃಷಿಯ ಸಂಶೋಧನೆ. ಈ ಮೂರೂ ಡಿಆರ್‌ಡಿಒ, ಅಂದರೆ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಪ್ರಯೋಗಾಲಯಗಳು. ಇವುಗಳ ಹೆಸರು, ಜವಾಬ್ದಾರಿ ಆಗಾಗ ಬದಲಾಗುತ್ತವೆ. ಹಾಗಾಗಿ ಹಳೇ ಹೆಸರಲ್ಲಿ ಹುಡುಕದೆ ಡಿಆರ್‌ಡಿಒ ಜಾಲತಾಣದಲ್ಲೇ ಜಾಹೀರಾತು ನೋಡಿ. ಚಳ್ಳಕೆರೆ ಕಡೆಯವರು "ನಮ್ಮ ಹತ್ರಾನೇ ಡಿಆರ್‌ಡಿಒ ಇದೆಯಲ್ಲ" ಅನ್ನುತ್ತಾರೆ. ಅದು ವಿಮಾನ ಪರೀಕ್ಷೆಯ ಕೇಂದ್ರ, ಅಲ್ಲಿ ನಮ್ಮ ವಿಷಯದ ಕೆಲಸ ಇಲ್ಲ.

ಹೆಜ್ಜೆ 2: ಪಿಯುಸಿ ಮತ್ತು ಡಿಗ್ರಿ

ಪಿಯುಸಿಯಲ್ಲಿ ಬಯಾಲಜಿ ಇರುವ ಸೈನ್ಸ್ ತೆಗೆದುಕೊಳ್ಳಿ. ಡಿಗ್ರಿಗೆ ಫುಡ್ ಅಂಡ್ ನ್ಯೂಟ್ರಿಷನ್, ಡಯಟೆಟಿಕ್ಸ್, ಹೋಂ ಸೈನ್ಸ್ ಅಥವಾ ಕೃಷಿ ವಿಶ್ವವಿದ್ಯಾಲಯಗಳ ಕಮ್ಯುನಿಟಿ ಸೈನ್ಸ್ ಆಗುತ್ತದೆ. ನಮ್ಮ ಕಡೆಯಿಂದ ಹೋಗಿಬರಲು ಧಾರವಾಡದ ಕಮ್ಯುನಿಟಿ ಸೈನ್ಸ್ ಕಾಲೇಜು ಅನುಕೂಲ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ವಿಎಚ್‌ಡಿ ಹೋಂ ಸೈನ್ಸ್ ಕಾಲೇಜು ಇದೆ. ಎಂ.ಎಸ್ಸಿಗೆ ಮೈಸೂರಿನ ಮಾನಸಗಂಗೋತ್ರಿ ಇದೆ. ದಾವಣಗೆರೆ ವಿಶ್ವವಿದ್ಯಾಲಯದಲ್ಲೇ ಫುಡ್ ಟೆಕ್ನಾಲಜಿ ವಿಭಾಗ ಇದೆ. ಅದು ಸಂಶೋಧನೆಯ ದಾರಿಗೆ ಚೆನ್ನ, ಆದರೆ ಆಸ್ಪತ್ರೆ ಡಯಟೀಷಿಯನ್ ಆಗಲು ಅದೇ ಸಾಕು ಅಂದುಕೊಳ್ಳಬೇಡಿ. ಎರಡೂ ಬೇರೆ ಬೇರೆ.

ಒಂದು ಎಚ್ಚರಿಕೆ. ದೂರಶಿಕ್ಷಣದಲ್ಲಿ ಡಯಟೆಟಿಕ್ಸ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಯುಜಿಸಿ ಈ ವಿಷಯದ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸ್‌ಗಳನ್ನು ನಿಲ್ಲಿಸಲು ಹೇಳಿದೆ. ಡಯಟೀಷಿಯನ್ ವೃತ್ತಿ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯೊಳಗೆ ಬಂದಿದೆ. ಹಾಗಾಗಿ ಮುಂದೆ ನೋಂದಣಿಗೂ ನೇಮಕಕ್ಕೂ ಕಾಲೇಜಿಗೆ ಹೋಗಿ ಓದಿದ ಕೋರ್ಸೇ ಕೈಹಿಡಿಯುವುದು.

ಡಿಗ್ರಿಯ ಮೊದಲ ವಾರವೇ ಮಾಡಬೇಕಾದ ಇನ್ನೊಂದು ಕೆಲಸ ಎನ್‌ಸಿಸಿ ಸೇರುವುದು. ಮೂರನೇ ದಾರಿಯ ಆಸೆ ಇದ್ದವರಿಗಂತೂ ಇದು ಬೇಕೇ ಬೇಕು. ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ ಶೇ 50 ಅಂಕ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ (ಸೇನಾಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನದ ಆಯ್ಕೆಗೆ ಅರ್ಜಿ ಹಾಕಬಹುದು. ಎರಡನೇ ವರ್ಷದಲ್ಲಿ ನೆನಪಾದರೆ ತಡವಾಗಿರುತ್ತದೆ.

ಹೆಜ್ಜೆ 3: ಎಂ.ಎಸ್ಸಿ, ಇಂಟರ್ನ್‌ಶಿಪ್, ಆರ್‌ಡಿ

ಬರೀ ಬಿ.ಎಸ್ಸಿ ಇದ್ದರೆ ಅರ್ಜಿ ಹಾಕಲು ಆಗುವ ಹುದ್ದೆ ಕಡಿಮೆ. ಸಾಮಾನ್ಯವಾಗಿ ಬಿ.ಎಸ್ಸಿ ಮೇಲೆ ಡಯಟೆಟಿಕ್ಸ್ ಡಿಪ್ಲೊಮಾ, ಇಲ್ಲವೇ ಎಂ.ಎಸ್ಸಿ ಕೇಳುತ್ತಾರೆ. ಇದರ ಮೇಲೆ ಆರ್‌ಡಿ, ಅಂದರೆ ರಿಜಿಸ್ಟರ್ಡ್ ಡಯಟೀಷಿಯನ್. ಇದನ್ನು ಕೊಡುವುದು 1963ರಲ್ಲಿ ಶುರುವಾದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್. ಎಂ.ಎಸ್ಸಿ ಆದವರು ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿ ಪರೀಕ್ಷೆ ಬರೆಯಬೇಕು. ಡಿಪ್ಲೊಮಾ ಮಾಡಿದವರಿಗೆ ಇಂಟರ್ನ್‌ಶಿಪ್ ಜೊತೆಗೆ ಅನುಭವವನ್ನೂ ಕೇಳುತ್ತಾರೆ.

ಇಂಟರ್ನ್‌ಶಿಪ್ ಸೇರುವ ಮೊದಲೇ "ಈ ಆಸ್ಪತ್ರೆ ಆರ್‌ಡಿಗೆ ನಡೆಯುತ್ತಾ?" ಅಂತ ಅಸೋಸಿಯೇಷನ್‌ಗೆ ಮೇಲ್ ಮಾಡಿ ಕೇಳಿ. ಉತ್ತರ ಬಂದಮೇಲೆ ಸೇರಿ. ಮುಗಿದಾಗ ಸರ್ಟಿಫಿಕೇಟ್‌ನಲ್ಲಿ ಸೇರಿದ ದಿನ, ಮುಗಿದ ದಿನ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ನೀವು ಕೆಲಸ ಮಾಡಿದ ವಾರ್ಡ್‌ಗಳು, ಇಷ್ಟೂ ಇರಲೇಬೇಕು. ನನಗೆ ಕೊಟ್ಟ ಕಾಗದದಲ್ಲಿ "ಆರು ತಿಂಗಳು ತೃಪ್ತಿಕರವಾಗಿ ಮುಗಿಸಿದ್ದಾರೆ" ಅಂತ ಒಂದೇ ಸಾಲು ಇತ್ತು. ತಾರೀಕೇ ಇಲ್ಲ. ಅದನ್ನು ಸರಿಮಾಡಿಸಲು ನಾನು ನಾಲ್ಕು ಸಲ ಬಸ್ ಹತ್ತಿದೆ, ಆ ವರ್ಷದ ಪರೀಕ್ಷೆ ತಪ್ಪಿಹೋಯಿತು.

ಓದುವಾಗ ರಜೆಯಲ್ಲಿ ಊರಿಗೆ ಬಂದರೆ ಸುಮ್ನೆ ಕೂರಬೇಡಿ. ಬಾಪೂಜಿ ಆಸ್ಪತ್ರೆ, ಎಸ್‌ಎಸ್ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದವರಾದರೆ ಅಲ್ಲಿನ ಜಿಲ್ಲಾ ಆಸ್ಪತ್ರೆ, ಎಲ್ಲಾದರೂ ಅನುಮತಿ ಕೇಳಿ ಎರಡು ವಾರ ನೋಡಲು ಹೋಗಿ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದು, ಸುಟ್ಟ ಗಾಯದ ರೋಗಿಗೆ ಪ್ರೋಟೀನ್ ಲೆಕ್ಕ ಹಾಕುವುದು, ಕಿಡ್ನಿ ರೋಗಿಗೆ ಉಪ್ಪು, ಪೊಟ್ಯಾಶಿಯಂ ಇಳಿಸುವುದು, ಈ ಮೂರನ್ನು ಕಣ್ಣಾರೆ ನೋಡಿರಬೇಕು. ಸೇನಾ ಆಸ್ಪತ್ರೆಗೂ ಇವೇ ಬರುವುದು. ಗುಂಡೇಟಿನ ರೋಗಿಗಳೇ ತುಂಬಿರುತ್ತಾರೆ ಅಂತ ಬಹಳ ಮಂದಿ ಅಂದುಕೊಂಡಿರುತ್ತಾರೆ. ಶುಗರ್, ಬಿಪಿ, ಬೊಜ್ಜು ಅಲ್ಲೂ ದಿನನಿತ್ಯದ ಕೆಲಸ. ಸೈನಿಕನ ತೂಕ ಮಿತಿ ಮೀರಿದರೆ ಅವನ ಮೆಡಿಕಲ್ ಕೆಟಗರಿ ಇಳಿಯಬಹುದು, ಬಡ್ತಿಗೇ ತೊಂದರೆ. ಅಂಥವನು ನಿಮ್ಮ ಮುಂದೆ ಕೂತಾಗ ಅದು ಬರೀ ತೂಕದ ವಿಷಯ ಅಲ್ಲ, ಅವನ ಮನೆಯ ವಿಷಯ.

ಹೆಜ್ಜೆ 4: ಸೈನಿಕನ ಊಟ ಅಂದರೇನು ಅಂತ ಕಲಿಯಿರಿ

ಪಠ್ಯಪುಸ್ತಕದಲ್ಲಿ ಇದು ಅರ್ಧ ಪುಟವೂ ಇರುವುದಿಲ್ಲ. ಆದರೆ ಸಂದರ್ಶನದಲ್ಲಿ ನಿಮ್ಮನ್ನು ಉಳಿದವರಿಂದ ಬೇರೆ ಮಾಡುವುದು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಎತ್ತರದಿಂದ ಶುರು ಮಾಡೋಣ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98 ಡಿಗ್ರಿ ಹತ್ತಿರ ಕುದಿಯುತ್ತದೆ. ಲೇಹ್ ಇರುವುದು ಸುಮಾರು 3,500 ಮೀಟರ್‌ನಲ್ಲಿ. ಅಲ್ಲಿ 88 ಡಿಗ್ರಿ ಆಸುಪಾಸಿಗೇ ಕುದಿ ಬರುತ್ತದೆ. ಕುದಿಯುತ್ತಿದ್ದರೂ ಬೇಳೆ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಅಡುಗೆ ಇಲ್ಲ, ಕುಕ್ಕರ್‌ಗೆ ಇಂಧನ ಬೇಕು, ಇಂಧನವನ್ನು ಯಾರೋ ಹೊತ್ತು ತರಬೇಕು. ಅಂದರೆ ಮೆನುವಿನಲ್ಲಿ ನೀವು ಬರೆದ ಒಂದು ರಾಜ್ಮಾ ಯಾರದೋ ಬೆನ್ನಿನ ಮೇಲಿನ ಭಾರ.

ಅಲ್ಲಿ ದೇಹಕ್ಕೆ ಶಕ್ತಿ ಜಾಸ್ತಿ ಬೇಕು, ಹಸಿವು ಮಾತ್ರ ಕಡಿಮೆಯಾಗುತ್ತದೆ. ಇದೇ ದೊಡ್ಡ ತೊಡಕು. ಉಸಿರಾಟ ಜೋರಾಗಿರುತ್ತದೆ, ಗಾಳಿ ಒಣ, ಹಾಗಾಗಿ ಬೆವರದೇ ಇದ್ದರೂ ದೇಹದ ನೀರು ಹೋಗುತ್ತದೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಕೊಬ್ಬಿನ ಊಟಕ್ಕಿಂತ ಅನ್ನ, ಸಿಹಿ, ಚಪಾತಿಯಂಥ ಕಾರ್ಬೊಹೈಡ್ರೇಟ್ ಊಟ ಸುಲಭವಾಗಿ ಒಳಗೆ ಹೋಗುತ್ತದೆ. ವಾರಗಟ್ಟಲೆ ಡಬ್ಬಿಯ ಊಟವೇ ಆದರೆ ನಾಲಿಗೆ ಬೇಸತ್ತು ತಟ್ಟೆ ಹಾಗೇ ವಾಪಸ್ ಬರುತ್ತದೆ. ದೊಡ್ಡಪ್ಪ ಚಟ್ನಿಪುಡಿಯಿಂದ ಮಾಡಿಕೊಂಡಿದ್ದು ಇದಕ್ಕೇ ಪರಿಹಾರ. ಅವರು ಡಯಟೆಟಿಕ್ಸ್ ಓದಿರಲಿಲ್ಲ, ಅಷ್ಟೇ.

ಇನ್ನು ಭಾರ ಮತ್ತು ಜಾಗದ ಲೆಕ್ಕ. ಇದನ್ನು ಮನೆಯಲ್ಲೇ ಮಾಡಿ ನೋಡಿ. 50 ಗ್ರಾಂ ಚಳ್ಳಕೆರೆ ಶೇಂಗಾ, 40 ಗ್ರಾಂ ಬೆಲ್ಲ ತೂಗಿ ಉಂಡೆ ಕಟ್ಟಿ. ಶೇಂಗಾದಿಂದ ಸುಮಾರು 260 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಬೆಲ್ಲದಿಂದ 140 ಕ್ಯಾಲೊರಿ. ಒಟ್ಟು 400. ತೂಕ 90 ಗ್ರಾಂ, ಗಾತ್ರ ಒಂದು ಹಿಡಿ. ಈಗ ಅದೇ 400 ಕ್ಯಾಲೊರಿಗೆ ಮಂಡಕ್ಕಿ ತೂಗಿ. ಸುಮಾರು 110 ಗ್ರಾಂ ಆಗುತ್ತದೆ. ತೂಕದಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ ಅನ್ನಿಸಬಹುದು. ಪಾತ್ರೆಗೆ ಸುರಿದು ನೋಡಿ, ದೊಡ್ಡ ಪಾತ್ರೆಯೇ ತುಂಬುತ್ತದೆ. ನಮ್ಮೂರಿನ ಮಂಡಕ್ಕಿ ಸಂಜೆಗೆ ಚೆನ್ನ, ಸೈನಿಕನ ಬೆನ್ನುಚೀಲಕ್ಕೆ ಆಗುವುದಿಲ್ಲ. ಉಂಡೆಯಲ್ಲೂ ಒಂದು ತೊಡಕಿದೆ. ತಿಂಗಳುಗಟ್ಟಲೆ ಇಟ್ಟರೆ ಶೇಂಗಾದ ಎಣ್ಣೆ ಕಮಟು ಹಿಡಿಯುತ್ತದೆ. ಗಾಳಿ ಆಡದ ಪೊಟ್ಟಣ ಬೇಕು. ಇಲ್ಲಿಂದಲೇ ಸಂಶೋಧನೆಯ ದಾರಿ ಶುರುವಾಗುವುದು.

ನಮ್ಮ ಜಿಲ್ಲೆಯವರಿಗೆ ಖುಷಿಯ ವಿಷಯ ಸಿರಿಧಾನ್ಯ. ಸೇನೆಯ ರೇಷನ್‌ನಿಂದ ಅವು ಅರ್ಧ ಶತಮಾನದ ಹಿಂದೆ ಹೊರಗೆ ಹೋಗಿದ್ದವು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ವಾ, ಆ ವರ್ಷ ಸಜ್ಜೆ, ಜೋಳ, ರಾಗಿ ಹಿಟ್ಟನ್ನು ಸೇನೆ ಮತ್ತೆ ಒಳಗೆ ತಂದಿತು. ಅಕ್ಕಿ, ಗೋಧಿ ಹಿಟ್ಟಿನ ಪಾಲಿನಲ್ಲಿ ಶೇ 25ರವರೆಗೆ ಇವನ್ನು ಕೊಡಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ನಾವು ಹೇಳಬಹುದು. ಆದರೆ ಪಂಜಾಬಿನ ಸೈನಿಕನಿಗೆ ಮುದ್ದೆ ನುಂಗಲು ಬರುವುದಿಲ್ಲ, ಮಣಿಪುರದವನಿಗೆ ಜೋಳದ ರೊಟ್ಟಿ ಗೊತ್ತಿಲ್ಲ. ಇನ್ನೂರು ಜನಕ್ಕೆ ಅಡುಗೆ ಮಾಡುವ ಲಂಗರ್‌ನಲ್ಲಿ ರೊಟ್ಟಿ ತಟ್ಟಲು ಬರುವವರು ಎಷ್ಟು ಜನ ಇರುತ್ತಾರೆ? ಅಂದಮೇಲೆ ರಾಗಿ ಬಿಸ್ಕತ್ತೋ, ಗೋಧಿ ಹಿಟ್ಟಿಗೆ ಬೆರೆಸಿದ ಪೂರಿಯೋ, ಬೆಳಗಿನ ಮಾಲ್ಟೋ ಯೋಚಿಸಬೇಕು. ರಾಗಿ, ಜೋಳ ತಿಂದೇ ಬೆಳೆದ ನಮ್ಮ ಮಕ್ಕಳು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಯೋಚಿಸಬಲ್ಲರು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಈ ಹೆಜ್ಜೆಗೆ ಒಂದು ಮನೆಕೆಲಸ. ನಿಮ್ಮ ಊರಿನಲ್ಲಿ ನಿವೃತ್ತ ಸೈನಿಕರು ಇದ್ದೇ ಇರುತ್ತಾರೆ. ಒಬ್ಬರ ಹತ್ತಿರ ಕೂತು, ಅವರು ಗಡಿಯಲ್ಲಿದ್ದಾಗಿನ ಒಂದು ದಿನದ ಊಟ ಬರೆದುಕೊಳ್ಳಿ. ಎದ್ದಾಗಿನಿಂದ ಮಲಗುವವರೆಗೆ, ಚಹಾದ ಸಕ್ಕರೆ ಸಮೇತ. ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕ ಇಟ್ಟುಕೊಂಡು ಲೆಕ್ಕ ಹಾಕಿ. ಏನು ಕೊಟ್ಟರು ಅಂತ ಕೇಳಿದರೆ ಸಾಲದು, ಏನು ಬಿಟ್ಟಿರಿ ಅಂತಲೂ ಕೇಳಿ. ಹತ್ತು ಜನರದ್ದು ಹೀಗೆ ಮಾಡಿದರೆ ಎಂ.ಎಸ್ಸಿ ಪ್ರಾಜೆಕ್ಟ್‌ಗೇ ವಿಷಯ ಸಿಗುತ್ತದೆ.

ಹೆಜ್ಜೆ 5: ಪರೀಕ್ಷೆಗಳು

ಸಿಆರ್‌ಪಿಎಫ್, ಐಟಿಬಿಪಿಯಂಥ ಪಡೆಗಳಿಗೆ ಲಿಖಿತ ಪರೀಕ್ಷೆಯ ಜೊತೆ ದೈಹಿಕ ಅಳತೆ, ಓಟ, ಮೆಡಿಕಲ್ ಇರುತ್ತವೆ. ಡಯಟೀಷಿಯನ್ ಹುದ್ದೆ ಅಂತ ಓಟ ಬಿಟ್ಟು ಪುಸ್ತಕ ಹಿಡಿದು ಕೂತರೆ ಮೈದಾನದಲ್ಲೇ ಹೊರಗೆ ಬೀಳುತ್ತೀರಿ. ದಾವಣಗೆರೆಯವರಿಗೆ ಹೈಸ್ಕೂಲ್ ಮೈದಾನ ಇದೆ, ದುರ್ಗದವರಿಗೆ ಕೋಟೆಯ ಮೆಟ್ಟಿಲುಗಳಿವೆ. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಸಾಕು.

ಅಧಿಕಾರಿ ದಾರಿಗೆ ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಹೆಣ್ಣುಮಕ್ಕಳಿಗೆ ಇದರಲ್ಲಿ ಇರುವುದು ಚೆನ್ನೈನ ಓಟಿಎ, ಅಂದರೆ ಅಧಿಕಾರಿಗಳ ತರಬೇತಿ ಅಕಾಡೆಮಿಯ ಆಯ್ಕೆ. ಅದಕ್ಕೆ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಎರಡೇ ಪತ್ರಿಕೆ, ತಲಾ 100 ಅಂಕ, ಗಣಿತ ಇಲ್ಲ. ಸಾಮಾನ್ಯ ಜ್ಞಾನದ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ, ಕನ್ನಡದಲ್ಲಿ ಇರುವುದಿಲ್ಲ. ಪಾಸಾದರೆ ಐದು ದಿನದ ಎಸ್‌ಎಸ್‌ಬಿ. ವಯಸ್ಸಿನ ಮಿತಿ ಸುಮಾರು 19ರಿಂದ 25, ಮದುವೆ ಆಗಿರಬಾರದು. ಎಂ.ಎಸ್ಸಿ ಮುಗಿಸಿ ಯೋಚಿಸೋಣ ಅಂದರೆ ವಯಸ್ಸು ಕೈ ಬಿಟ್ಟಿರಬಹುದು. ಡಿಗ್ರಿಯ ಕೊನೆಯ ವರ್ಷದಲ್ಲೇ ಬರೆಯಿರಿ.

ಸಂಶೋಧನೆಗೆ ಯುಜಿಸಿ ನೆಟ್ ಅಥವಾ ಗೇಟ್. ನೆಟ್‌ನಲ್ಲಿ ಹೋಂ ಸೈನ್ಸ್ ವಿಷಯದೊಳಗೆ ನ್ಯೂಟ್ರಿಷನ್ ಬರುತ್ತದೆ. ಗೇಟ್‌ನಲ್ಲಿ ಫುಡ್ ಟೆಕ್ನಾಲಜಿ ಇದೆ. ಡಿಆರ್‌ಡಿಒದಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೊ) ಆದರೆ ತಿಂಗಳಿಗೆ ₹37,000 ಮತ್ತು ಮನೆ ಬಾಡಿಗೆ ಭತ್ಯೆ. ಸಾಮಾನ್ಯವಾಗಿ 28 ವರ್ಷದೊಳಗಿರಬೇಕು.

ಕಾಯುವ ವರ್ಷಗಳಲ್ಲಿ ರೈಲ್ವೆಯ ಪ್ಯಾರಾಮೆಡಿಕಲ್ ನೇಮಕ, ಏಮ್ಸ್, ಇಎಸ್‌ಐಸಿ ಡಯಟೀಷಿಯನ್ ಹುದ್ದೆಗಳಿಗೂ ಅರ್ಜಿ ಹಾಕುತ್ತಿರಿ. ರೈಲ್ವೆಯಲ್ಲೂ ಈ ಹುದ್ದೆಗೆ 7ನೇ ಹಂತದ ಸಂಬಳವೇ. ಓದು ಬಹುಪಾಲು ಒಂದೇ.

ಹಿಂದಿ ಮಾತಾಡಲು ಕಲಿಯಿರಿ. ಪರೀಕ್ಷೆಗಲ್ಲ, ರೋಗಿಗಾಗಿ. ಗಢವಾಲ್‌ನ ಸೈನಿಕನಿಗೆ "ರಾತ್ರಿ ಎಷ್ಟು ರೊಟ್ಟಿ ತಿಂತೀರಿ, ತುಪ್ಪ ಹಾಕ್ತೀರಾ" ಅಂತ ಅವನ ಮಾತಿನಲ್ಲಿ ಕೇಳಲು ಬರದಿದ್ದರೆ ನಿಮ್ಮ ಎಂ.ಎಸ್ಸಿ ಅವನಿಗೆ ಉಪಯೋಗಕ್ಕೆ ಬರುವುದಿಲ್ಲ.

ಹೆಜ್ಜೆ 6: ಕಾಗದಪತ್ರ

ನಮ್ಮ ಕಡೆ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಇವೆಲ್ಲ ಕೇಂದ್ರ ಸರ್ಕಾರದ ನೇಮಕಗಳು. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕೇಂದ್ರದ ಒಬಿಸಿ ಸಿಗುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಅದೇ ಹೆಸರಿನಲ್ಲಿ ಇದೆಯೇ ಅಂತ ಮೊದಲು ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಅನ್ನುವ ಮಾತು ಇರುವ ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಿಂದ ಮಾಡಿಸಿ. ಪಟ್ಟಿಯಲ್ಲಿ ಇಲ್ಲದವರು ಇಡಬ್ಲ್ಯುಎಸ್‌ಗೆ, ಅಂದರೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿಗೆ, ಅರ್ಹರೇ ಅಂತ ವಿಚಾರಿಸಿ. ಯಾವ ತಾರೀಕಿನೊಳಗೆ ಮಾಡಿಸಿರಬೇಕು ಅನ್ನುವುದು ನೋಟಿಫಿಕೇಷನ್‌ನಲ್ಲೇ ಇರುತ್ತದೆ. ಹಳೆಯದನ್ನು ಹಿಡಿದು ಹೋಗಿ ದಾಖಲೆ ಪರಿಶೀಲನೆಯಲ್ಲಿ ವಾಪಸ್ ಬಂದ ಹುಡುಗಿಯನ್ನು ನಾನು ನೋಡಿದ್ದೇನೆ. ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಇತ್ತು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಡಿಗ್ರಿ ಸರ್ಟಿಫಿಕೇಟ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇರಬೇಕು. ಒಂದರಲ್ಲಿ "ಕಾವ್ಯ ಎಂ", ಇನ್ನೊಂದರಲ್ಲಿ "ಎಂ ಕಾವ್ಯ" ಇದ್ದರೆ ಈಗಲೇ ಸರಿಮಾಡಿಸಿ. ಅರ್ಜಿ ಕರೆದಮೇಲೆ ಸಿಗುವುದು ಮೂರು ನಾಲ್ಕು ವಾರ ಅಷ್ಟೇ. ಜಾಹೀರಾತಿಗೆ ಪ್ರತಿ ವಾರ ಎಂಪ್ಲಾಯ್‌ಮೆಂಟ್ ನ್ಯೂಸ್, ಯುಪಿಎಸ್‌ಸಿ, ಸಿಆರ್‌ಪಿಎಫ್, ಡಿಆರ್‌ಡಿಒ ಜಾಲತಾಣ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಅಲ್ಲಿ ಹೋಗಿ ಖಚಿತ ಮಾಡಿಕೊಳ್ಳದೆ ನಂಬಬೇಡಿ.

ಹೆಜ್ಜೆ 7: ಕೆಲಸ ಸಿಕ್ಕ ಮೊದಲ ವಾರ

ಬಂದ ತಕ್ಷಣ ಮೆನು ಬದಲಾಯಿಸಲು ಹೋಗಬೇಡಿ. ಸೇನೆಯ ಅಡುಗೆ ನಡೆಯುವುದು ರೇಷನ್ ಸ್ಕೇಲ್ ಪ್ರಕಾರ. ಒಬ್ಬನಿಗೆ ಇಂತಿಷ್ಟು ಹಿಟ್ಟು, ಇಂತಿಷ್ಟು ಬೇಳೆ ಅಂತ ನಿಗದಿ ಆಗಿರುತ್ತದೆ. ನಿಮ್ಮ ಡಯಟ್ ಚಾರ್ಟ್ ಅದರೊಳಗೆ ಕೂರಬೇಕು. ಮೊದಲು ಆ ಸ್ಕೇಲ್ ಓದಿ, ಸ್ಟೋರ್‌ನಲ್ಲಿ ಏನಿದೆ ನೋಡಿ, ಅಡುಗೆಯವರ ಹೆಸರು ತಿಳಿದುಕೊಳ್ಳಿ. ಅವರು ನಿಮಗಿಂತ ಹದಿನೈದು ವರ್ಷ ಹಳಬರಾಗಿರುತ್ತಾರೆ, ಯಾರಿಗೆ ಏನು ಸೇರುವುದಿಲ್ಲ ಅಂತ ಅವರಿಗೆ ಬಾಯಿಪಾಠ ಬರುತ್ತದೆ.

ಆಮೇಲೆ ಮಧ್ಯಾಹ್ನದ ಊಟದ ಹೊತ್ತಿಗೆ ತಟ್ಟೆ ತೊಳೆಯುವ ಜಾಗದ ಹತ್ತಿರ ನಿಂತುಕೊಳ್ಳಿ. ವಾಪಸ್ ಬರುವ ತಟ್ಟೆಗಳನ್ನು ನೋಡಿ. ಉಳಿದದ್ದನ್ನು ಬೇಳೆ ಬೇರೆ, ಪಲ್ಯ ಬೇರೆ, ಚಪಾತಿ ಬೇರೆ ಮಾಡಿ ತೂಗಿಸಿ, ಒಂದು ವಾರ ಬರೆದಿಡಿ. ಭಾನುವಾರ ಆ ಪುಟ ಹಿಡಿದು ಅಡುಗೆಮನೆಗೆ ಹೋಗಿ, ಅತಿ ಹೆಚ್ಚು ಉಳಿದ ಪದಾರ್ಥ ಯಾವುದು ಅಂತ ತೋರಿಸಿ, ಅದು ಯಾಕೆ ಉಳಿಯುತ್ತಿದೆ ಅಂತ ಅವರನ್ನೇ ಕೇಳಿ.